ಮೊದಲು ಜೋಮು, ಆಮೇಲೆ ಮೊಳಕೆ

ಯಾವನವನು ನನಗೆ ಮರೆವು ಅಂದವನು? ನಿನ್ನೆ ಫೋನಿನ ಗುಂಪಿನಲ್ಲಿ ಬಂದದ್ದನ್ನು ಮೊಮ್ಮಗಳು ಓದಿ ಹೇಳಿದಳು. "ಬೀಜ ಮೊಳೆತ ಮೇಲೇ ತಾತ ಚಾವಡಿಗೆ ಹೋಗಿದ್ದು. ಎಂಬತ್ತೊಂದಾಯ್ತಲ್ಲ, ನೆನಪು ಹಿಂದೆಮುಂದೆ ಆಗಿರುತ್ತೆ ಬಿಡಿ" ಅಂತ ಯಾರೋ ಹಾಕಿದ್ದಾರಂತೆ. ಅದಕ್ಕೆ ಆರು ಜನ ನಗುವ ಮುಖ ಬೇರೆ ಅಂಟಿಸಿದ್ದಾರೆ. ಹಲ್ಲು ಬಿಡುವವರೇ, ಸ್ವಲ್ಪ ಕೇಳಿ. ಆವತ್ತು ನನ್ನ ಎಡಗೆನ್ನೆ ಬೋಳಿಸಿತ್ತು, ಬಲಗೆನ್ನೆಯಲ್ಲಿ ಸೋಪಿನ ನೊರೆ ಇತ್ತು. ಕ್ಷೌರದ ಮುನಿಸ್ವಾಮಿ ಹೆಗಲಿಗೆ ಹೊದಿಸಿದ್ದು ನೀಲಿ ಗೆರೆಯ ಟವಲು, ಅದರ ಒಂದು ಮೂಲೆ ಸುಟ್ಟಿತ್ತು. ನಿಮಗೆ ನಿನ್ನೆ ಬೆಳಿಗ್ಗೆ ತಿಂದ ತಿಂಡಿ ನೆನಪಿದೆಯೇನ್ರೋ? ನನಗೆ ನಲವತ್ತು ವರ್ಷದ ಹಿಂದಿನ ಟವಲಿನ ಮೂಲೆ ನೆನಪಿದೆ. ಇವತ್ತು ಮೊದಲಿನಿಂದ ಹೇಳುತ್ತೇನೆ. ಈ ಫೋನು ನಡುವೆ ನಿಂತುಹೋದರೆ ಇನ್ನೊಂದು ಸಲ ಒತ್ತುತ್ತೇನೆ. ಪೂರ್ತಿ ಕೇಳಿ, ಆಮೇಲೆ ನಗಿ.

ನಮ್ಮೂರಲ್ಲಿ ಯಾರೂ ಬರಿಗೈಯಲ್ಲಿ ಮಾತು ಕೊಡುವುದಿಲ್ಲ. ಮಾತು ಕೊಟ್ಟವನು ಬೀಜವನ್ನೂ ಕೊಡಬೇಕು. ಬೀಜ ಇಸಿದುಕೊಂಡವರು ಅದನ್ನು ಬಿತ್ತುತ್ತಾರೆ. ಮೊಳಕೆ ಒಡೆದ ಗಳಿಗೆಯಲ್ಲಿ ಮಾತು ಕೊಟ್ಟವನು ಎಲ್ಲಿದ್ದರೂ ಅವನ ಕಾಲು ಏಳುತ್ತದೆ, ಮಾತು ನಡೆಸುವ ಜಾಗಕ್ಕೆ ಹೋಗಿಯೇ ನಿಲ್ಲುತ್ತದೆ. ಮೇಷ್ಟ್ರು ಅರ್ಧ ಲೆಕ್ಕ ಬಿಟ್ಟು ನೆಂಟರ ಚಾವಣಿಗೆ ಹೆಂಚು ಹೊದಿಸಲು ಹೋಗುತ್ತಿದ್ದರು. ಮದುಮಗ ಹಸೆಮಣೆಯಿಂದ ಎದ್ದು, ಹಿಂದೆ ಯಾರಿಗೋ ಒಪ್ಪಿಕೊಂಡಿದ್ದ ಎಮ್ಮೆಯನ್ನು ಹುಡುಕಿ ತಂದು, ಮತ್ತೆ ಬಂದು ತಾಳಿ ಕಟ್ಟಿದ್ದೂ ಉಂಟು. ಬೀದಿಯಲ್ಲಿ ಹಾಗೆ ಹೋಗುವವರನ್ನು ಕಂಡರೆ "ದಾರಿ ಬಿಡ್ರಪ್ಪೋ, ಮೊಳೆತಿದೆ!" ಅಂತ ಕೂಗಿ ಜನ ಪಕ್ಕಕ್ಕೆ ಸರಿಯುತ್ತಿದ್ದರು. ಮುನಿಸ್ವಾಮಿಯಂತೂ ಕತ್ತಿ ಕುತ್ತಿಗೆಗೆ ಇಡುವ ಮೊದಲು ಎಲ್ಲರನ್ನೂ ಕೇಳಲೇಬೇಕು: "ಯಾರಿಗಾದ್ರೂ ಬೀಜ ಕೊಟ್ಟಿದೀಯೇನಪ್ಪ?" ಕೊಟ್ಟಿದ್ದೇನೆ ಅಂದರೆ ಗಲ್ಲದ ಕೆಳಗೆ ಕತ್ತಿ ಇಳಿಸುತ್ತಿರಲಿಲ್ಲ.

ಸಣ್ಣಪುಟ್ಟ ಮಾತಿಗೆ ಹೆಸರುಕಾಳು ಸಾಕು, ನಾಡಿದ್ದರೊಳಗೆ ಕೆಲಸ ಆಗುತ್ತದೆ. ದೊಡ್ಡ ಮಾತಿಗೆ ಹೂವಿನ ಬೀಜವೇ ಆಗಬೇಕು. ಯಾವ ಹೂವಿನದು ಅನ್ನುವುದು ಕೊಡುವವನ ಇಷ್ಟ. ಅಲ್ಲೇ ಇರುವುದು ಕಿತಾಪತಿ. ಮನಸ್ಸಿದ್ದವನು ಚೆಂಡುಹೂವಿನ ಬೀಜ ಕೊಡುತ್ತಾನೆ, ಐದು ದಿನಕ್ಕೆ ಮೊಳೆಯುತ್ತದೆ. ಮನಸ್ಸಿಲ್ಲದವನು ಮೊಂಡು ಬೀಜ ಹುಡುಕುತ್ತಾನೆ. ಒಂದು ಸಲ ಚುನಾವಣೆಗೆ ನಿಂತವನೊಬ್ಬ ಮನೆಮನೆಗೆ ಬೀಜ ಹಂಚಿ ಹೋದ. ಎಲ್ಲವನ್ನೂ ಹುರಿದು ಹಂಚಿದ್ದ. ನಮ್ಮ ಹೆಂಗಸರು ಮೂಸಿ ನೋಡಿಯೇ ಕಂಡುಹಿಡಿದು ಒಗ್ಗರಣೆಗೆ ಹಾಕಿದರು.

ಇನ್ನೆರಡು ಕಟ್ಟುಪಾಡು ಇವೆ, ಮರೆಯಬೇಡಿ. ಬೀಜ ಸತ್ತರೆ ಮಾತೂ ಸತ್ತಂತೆ, ಕೊಟ್ಟವನ ಕಾಲು ಸುಮ್ಮನಿರುತ್ತದೆ. ಬೀಜ ಇಸಿದುಕೊಂಡವರು ಅದು ಯಾರ ಮಾತು, ಏನು ಮಾತು ಅಂತ ಮೊಳೆಯುವ ತನಕ ಬಾಯಿ ಬಿಡುವಂತಿಲ್ಲ. ಹೆಂಡತಿಗೂ ಹೇಳುವಂತಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ. ಆಗ ನನಗೆ ಹತ್ತೊಂಬತ್ತು ವರ್ಷ. ಊರ ಕೆರೆಯ ತೂಬಿಗೆ ಒಂದು ದೊಡ್ಡ ಮರದ ಬಿರಡೆ ಇತ್ತು. ಅದನ್ನು ಎತ್ತಿ ಇಳಿಸಲು ಆಳುದ್ದದ ಕಬ್ಬಿಣದ ಸರಳು. ಆ ಸರಳು ನೀರಗಂಟಿ ಓಬಳಯ್ಯನ ಕೈಯಲ್ಲಲ್ಲದೆ ಬೇರೆಯವರ ಕೈಯಲ್ಲಿ ಇರುವಂತಿಲ್ಲ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅನ್ನುವುದು ಆತನ ಲೆಕ್ಕ. ಒಂದು ಮಧ್ಯಾಹ್ನ ಆತ ಏರಿಯ ಮೇಲಿನ ಬೇವಿನ ಮರದಡಿ ಒರಗಿ ನಿದ್ದೆ ಹೋಗಿದ್ದ. ಕಾಲುವೆಗೆ ಒಂದಿಷ್ಟು ನೀರು ಬಿಟ್ಟರೆ ಮೀನು ಹಿಡಿಯಬಹುದು ಅಂತ ನನಗೆ ದುರ್ಬುದ್ಧಿ ಬಂತು. ಮೆಲ್ಲಗೆ ಸರಳು ತೆಗೆದುಕೊಂಡು ಬಿರಡೆ ಎತ್ತಿದೆ. ಹಳೇ ಮರ, ಎರಡು ಹೋಳಾಗಿ ಸೀಳಿತು. ನೀರು ನುಗ್ಗಿದ ಸದ್ದು ಕೇಳಿದ ಮೇಲೆ ಮೀನು ಯಾರಿಗೆ ಬೇಕು? ಸರಳನ್ನು ಮೊದಲಿನಂತೆ ಓಬಳಯ್ಯನ ಪಕ್ಕದಲ್ಲಿ ಒರಗಿಸಿಟ್ಟು ಓಡಿದೆ.

ಅಲ್ಲಿಟ್ಟದ್ದೇ ಆತನ ತಲೆಗೆ ಬಂತು. ಎರಡು ದಿನದಲ್ಲಿ ಕೆರೆ ಬರಿದಾಯಿತು, ಉರಿಬಿಸಿಲಿಗೆ ತಳ ಬಿರುಕು ಬಿಡತೊಡಗಿತು. ಊರಿಗೆ ಹೆಸರು ತಂದಿದ್ದ ತಾವರೆ ಒಣಗಿ ಕಪ್ಪಾಯಿತು. ಸರಳು ಇದ್ದದ್ದು ಓಬಳಯ್ಯನ ಬಳಿ, ಅಂದ ಮೇಲೆ ಬಿರಡೆ ತೆಗೆದವನೂ ಅವನೇ, ಕೆಳಗಿನ ಊರಿನವರಿಗೆ ನೀರು ಮಾರಿಕೊಂಡಿದ್ದಾನೆ ಅಂತ ಊರು ತೀರ್ಮಾನ ಮಾಡಿತು. ಸರಳು ಕಿತ್ತುಕೊಂಡು ಚಾವಡಿಯ ಗೋಡೆಗೆ ನೇತುಹಾಕಿದರು. ಅವತ್ತಿನಿಂದ ಆತನ ಹೆಸರು ನೀರುಗಳ್ಳ.

ನಾಲ್ಕು ದಿನ ನನಗೆ ಅನ್ನ ಇಳಿಯಲಿಲ್ಲ. ಐದನೇ ದಿನ ಆತನ ಮನೆಯ ಹಿತ್ತಲಿಗೆ ಹೋಗಿ ಕಾಲು ಹಿಡಿದೆ. "ನಾನು ಕಣಣ್ಣ ಮಾಡಿದ್ದು. ಚಾವಡಿ ಕಟ್ಟೆ ಮೇಲೆ ನಿಂತು ಊರಿಗೆಲ್ಲ ಹೇಳ್ತೀನಿ" ಅಂದೆ. ಓಬಳಯ್ಯ ಕೈ ಚಾಚಿದ. ಬೀಜ ಕೇಳುತ್ತಿದ್ದಾನೆ. ನನ್ನ ಜೇಬಿನಲ್ಲಿ ಒಂದು ಪೊಟ್ಟಣ ಚೆಂಡುಹೂವಿನ ಬೀಜ ಇತ್ತು. ಅದನ್ನೇ ಕೊಡಬೇಕು ಅಂತ ತಂದಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಇನ್ನೊಂದು ಜೇಬಿನಲ್ಲಿ ಒಣಗಿದ ಕೆರೆಯ ಕೆಸರಿನಲ್ಲಿ ಆಯ್ದುಕೊಂಡ ತಾವರೆ ಬೀಜ ಇತ್ತು. ಕಪ್ಪಗೆ, ಗುಂಡಗೆ, ಕಲ್ಲಿನಂಥದ್ದು. ನನ್ನ ಕೈ ಆ ಜೇಬಿಗೆ ಹೋಯಿತು.

ಓಬಳಯ್ಯ ಬೀಜವನ್ನು ನೋಡಿದ, ನನ್ನ ಮುಖ ನೋಡಿದ. "ಇದನ್ನಾ?" ಅಂದ. "ಹೂವಿನದೇ ಅಲ್ವೇನಣ್ಣ" ಅಂದೆ. ಆತ ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ಹೋದ.

ತಡೀರಿ, ನೀರು ಕುಡಿಯುತ್ತೇನೆ.

ಹಾಂ. ಆಮೇಲೆ ಇಪ್ಪತ್ತೆರಡು ವರ್ಷ. ಕೆರೆಗೆ ಹೊಸ ಬಿರಡೆ ಬಂತು, ನೀರು ಬಂತು, ತಾವರೆ ಮಾತ್ರ ಬರಲಿಲ್ಲ. ಓಬಳಯ್ಯ ಆ ಬೀಜವನ್ನು ಮಣ್ಣಲ್ಲಿಟ್ಟ, ಸಗಣಿಯಲ್ಲಿಟ್ಟ, ನೀರಲ್ಲಿಟ್ಟ. ಅದು ಅಲ್ಲಾಡಲಿಲ್ಲ. ನನಗೋ ಇವತ್ತು ಮೊಳೆತೀತು, ನಾಳೆ ಮೊಳೆತೀತು ಅನ್ನುವ ಹೆದರಿಕೆ. ತಾವರೆ ಬೀಜ ಎಷ್ಟು ದಿನಕ್ಕೆ ಮೊಳೆಯುತ್ತದೆ ಅಂತ ಕಂಡಕಂಡವರನ್ನೆಲ್ಲ ವಿಚಾರಿಸುತ್ತ ಹೋದೆ. ಅದೊಂದನ್ನೇ ಕೇಳಿದರೆ ಅನುಮಾನ ಬರುತ್ತದಲ್ಲ, ಅದಕ್ಕೆ ಎಲ್ಲ ಬೀಜದ ವಿಷಯವನ್ನೂ ಕೇಳಿದೆ. ಶಂಖಪುಷ್ಪದ ಸಿಪ್ಪೆಗೆ ಉಗುರಿನಲ್ಲಿ ಗಾಯ ಮಾಡಿ ರಾತ್ರಿಯೆಲ್ಲ ನೆನೆಹಾಕಬೇಕು. ದೂಳಿನಂಥ ಸಣ್ಣ ಬೀಜಕ್ಕೆ ಮಣ್ಣು ಮುಚ್ಚಲೇಬಾರದು, ಅದಕ್ಕೆ ಬೆಳಕು ಬೇಕು. ಸಂಪಿಗೆ ಬೀಜದ ಕೆಂಪು ತೊಗಲು ಉಜ್ಜಿ ತೆಗೆದು ಹಸಿಯಾಗಿಯೇ ಹಾಕಬೇಕು, ಒಣಗಿಸಿದರೆ ಕೆಟ್ಟಿತು. ಹೀಗೆ ಕಲಿತು ಕಲಿತು, ಮೊಂಡು ಬೀಜ ಮೊಳೆಸಲು ತಿಪ್ಪೇಸ್ವಾಮಿಯೇ ಸೈ ಅಂತ ಊರಲ್ಲಿ ಹೆಸರಾಯಿತು. ಎಷ್ಟೋ ಜನರ ಕಾಲನ್ನು ನಾನು ಎಬ್ಬಿಸಿ ಓಡಿಸಿದೆ. ನನ್ನ ಕಾಲು ಮಾತ್ರ ಮನೆಯಲ್ಲಿ ಚಾಚಿಕೊಂಡು ಕೂತಿತ್ತು. ಮುನಿಸ್ವಾಮಿ ಪ್ರತಿ ಸಲ ಕೇಳುತ್ತಿದ್ದ, ಬೀಜ ಕೊಟ್ಟಿದೀಯೇನಪ್ಪ? ಇಲ್ಲ ಕಣೋ, ಎಳಿ ಕತ್ತಿ, ಅನ್ನುತ್ತಿದ್ದೆ. ಇಪ್ಪತ್ತೆರಡು ವರ್ಷ ಪ್ರತಿ ಸಲವೂ ಕುತ್ತಿಗೆ ಒಡ್ಡಿ ಸುಳ್ಳು ಹೇಳಿದ್ದೇನೆ.

ಒಂದು ಬೆಳಿಗ್ಗೆ ಓಬಳಯ್ಯನ ಮಗಳು ಕೆಂಚಮ್ಮ ನಮ್ಮ ಜಗಲಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಬೀಜ ತೆಗೆದಳು. ನೋಡಿದ ಕೂಡಲೇ ಗುರುತು ಹತ್ತಿತು.

"ಅಣ್ಣ, ಅಪ್ಪಂಗೆ ಎದೆ ನೋವು. ಜಾಸ್ತಿ ದಿನ ಇಲ್ಲ ಅಂದವ್ರೆ. ಇದೊಂದು ಮೊಳೀಬೇಕು ಅಂತ ಒಂದೇ ಹಟ."

"ಯಾರ ಬೀಜವಂತೆ?" ಅಂದೆ. ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ.

"ಅದನ್ನ ಹೇಳ್ತಾರಾ? ಮೊಳೆಯೋಗಂಟ ಬಾಯಿ ಬಿಡಂಗಿಲ್ಲವಲ್ಲ. ಆದ್ರೆ ಒಂದು ಮಾತು ಅಂದ್ರು. 'ತಿಪ್ಪೇಸಿ ಹತ್ರಾನೇ ತಗೊಂಡೋಗು. ಬೇರೆ ಯಾರ ಕೈಗೂ ಕೊಡಬ್ಯಾಡ' ಅಂತ."

ಅರ್ಥವಾಯಿತೇ? ಬೀಜ ಕೊಲ್ಲುವುದಾದರೆ ನೀನೇ ಕೊಲ್ಲು ಅಂತ ಕಳಿಸಿದ್ದ ಆತ. ಕೆಂಚಮ್ಮನಿಗೆ ಇದು ಯಾವುದೂ ಗೊತ್ತಿಲ್ಲ. "ನಿಮ್ಮ ಕೈಗುಣ ಚೆನ್ನಾಗಿದೆ ಅಂತಾರೆ ಅಣ್ಣ. ನನ್ನ ಮಕ್ಕಳನ್ನ ಈಗಲೂ ನೀರುಗಳ್ಳನ ಮೊಮ್ಮಕ್ಕಳು ಅಂತ ಆಡ್ಕೋತಾರೆ. ಈ ಬೀಜದಲ್ಲಿ ಏನೈತೋ ಗೊತ್ತಿಲ್ಲ, ಅಪ್ಪ ಇದನ್ನ ಹಿಡ್ಕೊಂಡೇ ಜೀವ ಉಳಿಸ್ಕೊಂಡವ್ರೆ" ಅಂದಳು. ಬೀಜ ಇಟ್ಟು ಹೋದಳು.

ನಾನು ಅದನ್ನು ಒಂದು ಗಾಜಿನ ಲೋಟದಲ್ಲಿ ನೀರು ಹಾಕಿ ಮುಳುಗಿಸಿದೆ. ಅಷ್ಟೇ ಮಾಡಿದೆ. ಕೇಳಿ, ತಾವರೆ ಬೀಜವನ್ನು ಸುಮ್ಮನೆ ನೆನೆಹಾಕಿದರೆ ನೂರು ವರ್ಷವಾದರೂ ಬಾಯಿ ಬಿಡದು. ಅದರ ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಸಣ್ಣ ಗುಳಿ. ಗುಳಿ ಇರುವ ಕಡೆ ಅರದಿಂದ ಉಜ್ಜಬೇಕು, ಕಪ್ಪು ಹೋಗಿ ಒಳಗಿನ ಕೆನೆಬಣ್ಣ ಕಾಣುವ ತನಕ. ಒಂದು ಕೂದಲೆಳೆ ಜಾಸ್ತಿ ಉಜ್ಜಿದರೆ ಒಳಗೆ ಗಾಯವಾಗಿ ಕೊಳೆಯುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮೂರು ವಾರ ಅರ ಮುಟ್ಟಲಿಲ್ಲ. ಕೆಂಚಮ್ಮ ಎರಡು ದಿನಕ್ಕೊಮ್ಮೆ ಬಂದು ಲೋಟ ನೋಡುತ್ತಿದ್ದಳು. "ಹಳೇ ಬೀಜ ಕಣವ್ವ, ಟೈಮು ತಗೋತದೆ" ಅನ್ನುತ್ತಿದ್ದೆ. ಪಾಪದವಳು ತಲೆ ಆಡಿಸಿ ಹೋಗುತ್ತಿದ್ದಳು.

ನನ್ನ ಹೆಂಡತಿ ಬೋರಮ್ಮ ಪಾಪದವಳಲ್ಲ. ಒಂದು ಬೆಳಿಗ್ಗೆ ಲೋಟ ಎತ್ತಿ ಬೆಳಕಿಗೆ ಹಿಡಿದಳು. "ಇದಕ್ಕೆ ಅರ ಯಾಕೆ ಹಾಕಿಲ್ಲ?"

"ಹಾಕ್ತೀನಿ."

"ಊರೋರ ಬೀಜಕ್ಕೆಲ್ಲ ಅವತ್ತೇ ಹಾಕ್ತೀರಿ. ಇದಕ್ಕೆ ಮೂರು ವಾರ. ಯಾರದಿದು?"

ಹದಿನೆಂಟು ವರ್ಷ ಸಂಸಾರ ಮಾಡಿದವಳು, ನನ್ನ ಮುಖ ನೋಡಿದಳು ಅಷ್ಟೆ. ನಾನು ಎಲ್ಲ ಹೇಳಿದೆ. ಬೀಜ ಕೊಟ್ಟವನು ಹೇಳಬಾರದು ಅಂತ ಕಟ್ಟುಪಾಡಿಲ್ಲವಲ್ಲ. ಅವಳು ಬೈಯಲಿಲ್ಲ. ಅದೇ ಭಯವಾಯಿತು. ಒಳಗೆ ಹೋಗಿ ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ಪಾತ್ರೆ ತಂದು ನನ್ನ ಎದುರಿಗಿಟ್ಟಳು. ಅದರ ಪಕ್ಕದಲ್ಲಿ ಅರ ಇಟ್ಟಳು.

"ಇದ್ರಾಗೆ ಹಾಕಿದ್ರೆ ಒಂದು ಗಳಿಗೆ ಕೆಲಸ. ಅದ್ರಾಗೆ ಉಜ್ಜಿದ್ರೆ ಒಂದು ವಾರದ ಕೆಲಸ. ಯಾವುದು ಬೇಕೋ ನೀವೇ ನೋಡ್ಕಳಿ. ನನಗೆ ರೊಟ್ಟಿ ತಟ್ಟೋದೈತೆ" ಅಂದು ಹೊರಟೇಹೋದಳು.

ಒಳಗೆ ಟಪಟಪ ರೊಟ್ಟಿ ತಟ್ಟುವ ಸದ್ದು. ಎದುರಿಗೆ ಹಬೆ. ಬೀಜವನ್ನು ಬೆರಳಲ್ಲಿ ಹಿಡಿದು ಆ ಹಬೆಯ ಮೇಲೆ ತಂದೆ ಅನ್ನುವುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಬೆರಳು ಸುಟ್ಟಿತು. ಓಬಳಯ್ಯ ಈ ಹೊತ್ತಿಗೆ ಏನು ಮಾಡುತ್ತಿರಬಹುದು ಅಂತ ಯೋಚನೆ ಬಂತು. ಮನೆಯಲ್ಲಿ ಮಲಗಿ, ತಿಪ್ಪೇಸಿ ಎಷ್ಟರವನು ಅಂತ ನೋಡುತ್ತಿರುತ್ತಾನೆ. ಇಕ್ಕಳದಲ್ಲಿ ಬೀಜ ಹಿಡಿದು, ಗುಳಿಯ ಕಡೆ ಅರ ಇಟ್ಟೆ. ಉಜ್ಜುವುದು, ಊದುವುದು, ನೋಡುವುದು. ನಾಲ್ಕನೇ ರೊಟ್ಟಿ ಹೆಂಚಿಗೆ ಬೀಳುವ ಹೊತ್ತಿಗೆ ಕೆನೆಬಣ್ಣ ಸಾಸಿವೆಯಷ್ಟು ಕಂಡಿತು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಇನ್ನೊಂದು ಬೀಜ ಉಜ್ಜಿಲ್ಲ. ಹೊಸ ನೀರು ಹಾಕಿ ಲೋಟವನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟೆ. ಬೋರಮ್ಮ ಬಂದು ಲೋಟ ನೋಡಿ, ತಣ್ಣಗಾದ ಪಾತ್ರೆ ಎತ್ತಿಕೊಂಡು, "ಊಟಕ್ಕೇಳಿ" ಅಂದಳು. ಅವತ್ತು ನಾಲ್ಕು ರೊಟ್ಟಿ ತಿಂದೆ.

ಮರುದಿನ ಬೀಜ ಊದಿಕೊಂಡಿತು. ಮೂರನೇ ದಿನ ಎರಡರಷ್ಟಾಯಿತು. ನೀರು ಮಂಕಾದಂತೆಲ್ಲ ಬದಲಾಯಿಸಿದೆ. ಐದನೇ ದಿನ ಗಡ್ಡ ತುರಿಕೆ ಅಂತ ಮುನಿಸ್ವಾಮಿಯ ಹತ್ತಿರ ಹೋದೆ. ಅವನು ಕತ್ತಿ ಮಸೆಯುತ್ತ ಎಂದಿನಂತೆ ಕೇಳಿದ. "ಯಾರಿಗಾದ್ರೂ ಬೀಜ ಕೊಟ್ಟಿದೀಯೇನಪ್ಪ?"

"ಕೊಟ್ಟಿದೀನಿ" ಅಂದೆ.

ಅವನ ಕೈ ನಿಂತಿತು. "ನೀನಾ? ಯಾವಾಗ?"

"ಇಪ್ಪತ್ತೆರಡು ವರ್ಷದ ಹಿಂದೆ."

"ಲೇ ತಿಪ್ಪೇಸಿ! ಇಲ್ಲೀಗಂಟ ನಿನ್ನ ಕುತ್ತಿಗೆ ಮೇಲೆ ಕತ್ತಿ ಆಡ್ಸಿದೀನಲ್ಲೋ! ನೀನು ಸತ್ತಿದ್ರೆ ನಾನು ಜೈಲಿಗೆ ಹೋಗ್ತಿದ್ದೆ!" ಅಂತ ಬೈದುಕೊಂಡೇ ಎಡಗೆನ್ನೆ ಮುಗಿಸಿದ. ಬಲಗೆನ್ನೆಗೆ ನೊರೆ ಹಚ್ಚುತ್ತಿದ್ದಾಗ ನನ್ನ ಬಲಗಾಲಿನಲ್ಲಿ ಇರುವೆ ಹರಿದಂತಾಯಿತು. ಪಾದದಿಂದ ಮೊಣಕಾಲಿಗೆ ಏರಿತು. ಎಡಗಾಲಿಗೂ ಬಂತು. ಬಂತಪ್ಪಾ, ಮೊಳೆಯಿತು ಅಂದುಕೊಂಡೆ. ಹೆದರಿಕೆಯಾಗಬೇಕಿತ್ತು, ಆದರೆ ಬಿಗಿಯಾದ ಸೊಂಟಪಟ್ಟಿ ಬಿಚ್ಚಿದ ಹಾಗೆ ಹಾಯೆನಿಸಿತು. ಎದ್ದು ನಡೆದೆ. ಮೊದಲ ನಾಲ್ಕು ಹೆಜ್ಜೆ ಕುಂಟಿದೆ, ಆಮೇಲೆ ಸರಿಯಾಯಿತು. "ದಾರಿ ಬಿಡ್ರೋ, ತಿಪ್ಪೇಸಿದು ಮೊಳೆತಿದೆ!" ಅಂತ ಮುನಿಸ್ವಾಮಿ ಹಿಂದೆಯೇ ಕೂಗುತ್ತ ಬಂದ. ಎಲ್ಲರ ಕಾಲು ಓಡಿಸಿದವನ ಕಾಲು ಓಡುತ್ತಿದೆ ಅಂದರೆ ಬಿಡುತ್ತಾರೆಯೇ? ಸಂತೆಗೆ ಬಂದವರೂ ಬುಟ್ಟಿ ಸಮೇತ ಹಿಂಬಾಲಿಸಿದರು.

ಚಾವಡಿ ಕಟ್ಟೆ ಹತ್ತಿ ನಿಂತೆ. ತೂಬಿನ ಬಿರಡೆ ಎತ್ತಿದವನು ನಾನು, ಸರಳು ಒರಗಿಸಿ ಓಡಿದವನು ನಾನು, ಓಬಳಣ್ಣ ಒಂದು ತಂಬಿಗೆ ನೀರನ್ನೂ ಯಾರಿಗೂ ಮಾರಿಲ್ಲ ಅಂದೆ. ತಾವರೆ ಬೀಜವನ್ನೇ ಯಾಕೆ ಕೊಟ್ಟೆ ಅನ್ನುವುದನ್ನೂ ಹೇಳಿದೆ. ನೊರೆ ಒಣಗಿ ಕೆನ್ನೆ ಎಳೆಯುತ್ತಿತ್ತು. ಅಷ್ಟರಲ್ಲಿ ಯಾರೋ ಓಡಿಹೋಗಿ ಹೇಳಿದ್ದರಿಂದ ಓಬಳಯ್ಯನನ್ನು ನಾಲ್ಕು ಜನ ಮಂಚದ ಸಮೇತ ಹೊತ್ತುಕೊಂಡು ಬಂದರು. ಜನರ ನಡುವೆ ನುಗ್ಗಿಕೊಂಡು ಇನ್ನೊಂದು ಕಡೆಯಿಂದ ಕೆಂಚಮ್ಮ ಬಂದಳು.

ಓಬಳಯ್ಯ ಮೊಣಕೈ ಊರಿ ಎದ್ದು ಕೂತ. "ಮೊಳೀತೇನೋ ತಿಪ್ಪೇಸಿ?"

"ಮೊಳೀತು ಕಣಣ್ಣ."

"ಎಲ್ಲಿ ಮೊಳೀತು?" ಅಂದಳು ಕೆಂಚಮ್ಮ. "ನಾನೀಗ ನಿಮ್ಮ ಮನೆಯಿಂದಾನೇ ಬತ್ತಾ ಇದೀನಿ. ಲೋಟ ಎತ್ತಿ ನೋಡಿದೆ, ಬೋರಕ್ಕನೂ ನೋಡಿದ್ಲು. ಊದ್ಕೊಂಡೈತೆ ಅಷ್ಟೆ. ಚೂರೂ ಬಾಯಿ ಬಿಟ್ಟಿಲ್ಲ."

ನಾನು ಕಾಲು ನೋಡಿಕೊಂಡೆ. ಊರೆಲ್ಲ ನನ್ನ ಕಾಲು ನೋಡಿತು. ಮುನಿಸ್ವಾಮಿ ತಲೆ ಕೆರೆದುಕೊಂಡು, "ಅರ್ಧ ತಾಸಿಂದ ಕಾಲು ಮಡಚ್ಕೊಂಡು ಕೂತಿದ್ದ. ಜೋಮು ಹಿಡಿದಿರಬೇಕು ಕಣ್ರಯ್ಯಾ" ಅಂದ.

ಮೊದಲು ಒಬ್ಬಳು ಹೆಂಗಸು ನಕ್ಕಳು. ಆಮೇಲೆ ಸಂತೆಗೆ ಸಂತೆಯೇ ನಕ್ಕಿತು. ಓಬಳಯ್ಯ ಎದೆ ಹಿಡಿದುಕೊಂಡು ನಗುತ್ತಿದ್ದ, ಸಾಯುತ್ತಾನೇನೋ ಅಂತ ನನಗೆ ಗಾಬರಿ. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, "ಇಪ್ಪತ್ತೆರಡು ವರ್ಷ ಕಣೋ" ಅಂದ. ಅಷ್ಟೇ. ಕ್ಷಮಿಸಿದೆ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಊರಿನವರು ಗೋಡೆಯ ಮೇಲಿನ ಸರಳು ಇಳಿಸಿ, ಜೇಡರ ಬಲೆ ಒರೆಸಿ ಆತನ ಮುಂದೆ ಹಿಡಿದರು. ಆತ ಅದನ್ನು ಎರಡು ಸಲ ಸವರಿದ. "ನನ್ನ ಕೈಲಿ ಎಲ್ಲಾಗ್ತದೆ ಎತ್ತಕ್ಕೆ. ಅವಳಿಗೆ ಕೊಡ್ರಿ" ಅಂತ ಗದ್ದ ಎತ್ತಿ ಮಗಳನ್ನು ತೋರಿಸಿದ. ಕೆಂಚಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೇ ಕೈಯಲ್ಲಿ ಎತ್ತಿದಳು. ಇವತ್ತಿಗೂ ಸರಳು ಅವಳ ಮನೆಯಲ್ಲೇ ಇದೆ.

ಇದಾಗಿ ಮೂರನೇ ದಿನ ಮಧ್ಯಾಹ್ನ ಉಣ್ಣುತ್ತ ಕೂತಿದ್ದೆ. ಕಿಟಕಿಯಲ್ಲಿ ಬೀಜ ಬಾಯಿ ಬಿಟ್ಟು ಹಸಿರು ಕೊಕ್ಕೆಯೊಂದು ಹೊರಗೆ ಬಂತು. ನನ್ನ ಕಾಲು ಎದ್ದಿತು ನೋಡಿ! ಅದಕ್ಕೂ ಜೋಮಿಗೂ ಸಂಬಂಧವೇ ಇಲ್ಲ. ಜೋಮು ಕಚಗುಳಿ ಇದ್ದಂತೆ, ಇದು ಎತ್ತು ಎಳೆದಂತೆ. ಕೈಯಲ್ಲಿ ಸಾರು ಮೆತ್ತಿದ ರೊಟ್ಟಿ ಚೂರು ಹಿಡಿದುಕೊಂಡೇ ಚಾವಡಿಗೆ ಹೋಗಿ ನಿಂತೆ. ಅಲ್ಲಿ ಇದ್ದದ್ದು ಚೌಕಾಬಾರ ಆಡುತ್ತಿದ್ದ ಇಬ್ಬರು ಮುದುಕರು, ಒಂದು ನಾಯಿ. "ತೂಬಿನ ಬಿರಡೆ ಎತ್ತಿದ್ದು ನಾನು" ಅಂತ ಶುರು ಮಾಡಿದೆ. "ಗೊತ್ತು, ಬೇಗ ಮುಗ್ಸು, ಆಟ ಕೆಡ್ತದೆ" ಅಂದ ಒಬ್ಬ. ಆದರೆ ಅಲ್ಲೇ ನೆರಳಿನಲ್ಲಿ ಮಂಚದ ಮೇಲೆ ಓಬಳಯ್ಯ ಇದ್ದ. ಅವತ್ತಿನಿಂದ ಆತ ಮನೆಯೊಳಗೆ ಮಲಗಲು ಒಪ್ಪುತ್ತಿರಲಿಲ್ಲ, ದಿನಾ ಹೊತ್ತುತಂದು ಚಾವಡಿಯಲ್ಲಿ ಇಡಿ ಅನ್ನುತ್ತಿದ್ದ. "ಬೇಗ ಯಾಕೆ? ನಿಧಾನಕ್ಕೆ ಹೇಳಲಿ ಬಿಡ್ರಿ. ಮೊದಲ್ನೇ ಸಲ ಗಲಾಟೇಲಿ ಪೂರ್ತಿ ಕೇಳಿಸಲಿಲ್ಲ" ಅಂದ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದ. ಜಾಸ್ತಿ ದಿನ ಇಲ್ಲ ಅಂದಿದ್ದರಲ್ಲ, ಆಮೇಲೆ ಎರಡು ವರ್ಷ ಬದುಕಿದ. ಕೆಂಚಮ್ಮ ಆ ಮೊಳಕೆಯನ್ನು ಕೆರೆಯ ಕೆಸರಿನಲ್ಲಿ ಊರಿದಳು. ಈಗ ನೀವು ಫೋಟೋ ತೆಗೆದು ಹಾಕುತ್ತೀರಲ್ಲ, ಆ ತಾವರೆಯೆಲ್ಲ ಅದರ ಮಕ್ಕಳು ಮೊಮ್ಮಕ್ಕಳೇ.

ಈಗ ಹೇಳಿ, ಯಾರಿಗೆ ಮರೆವು? "ಹಾಗಾದರೆ ಹೋದದ್ದು ನೀನಲ್ಲ ತಾತ, ಜೋಮು" ಅಂತ ಒಬ್ಬ ಕುಚೋದ್ಯ ಮಾಡುತ್ತಾನೆ, ನನಗೆ ಗೊತ್ತು. ಜೋಮು ನಾಲ್ಕು ಹೆಜ್ಜೆಗೆ ಇಳಿದಿತ್ತು ಕಣಯ್ಯ. ಕ್ಷೌರದ ಅಂಗಡಿಯಿಂದ ಚಾವಡಿಗೆ ಆರುನೂರು ಹೆಜ್ಜೆ. ಮಿಕ್ಕಿದ್ದನ್ನು ಯಾರು ನಡೆದರು ಅಂತ ನೀನೇ ಯೋಚನೆ ಮಾಡು. ನನಗೆ ಅಷ್ಟೇ ಸಾಕು. ಅವತ್ತಿನಿಂದ ಮಲಗಿದರೆ ನಿದ್ದೆ ಬರುತ್ತದೆ, ಮುನಿಸ್ವಾಮಿಯ ಮಗ ಕೇಳಿದರೆ "ಯಾರಿಗೂ ಕೊಟ್ಟಿಲ್ಲ, ಎಳಿ" ಅಂತ ಧೈರ್ಯವಾಗಿ ಕುತ್ತಿಗೆ ಒಡ್ಡುತ್ತೇನೆ.

ಇದನ್ನು ನಿಮ್ಮ ನಿಮ್ಮ ಮಕ್ಕಳಿಗೆ, ನೆಂಟರಿಗೆ, ಇನ್ನೂ ನಾಲ್ಕು ಗುಂಪಿಗೆ ಮುಟ್ಟಿಸಿ. ಹೇಳುವಾಗ ಮೊದಲು ಜೋಮು, ಆಮೇಲೆ ಮೊಳಕೆ, ಅದನ್ನು ಅದಲುಬದಲು ಮಾಡಬೇಡಿ. ಅನುಮಾನ ಇದ್ದವನು ಹೋಗಿ ಕೆಂಚಮ್ಮನನ್ನು ಕೇಳಲಿ, ಲೋಟ ಎತ್ತಿ ನೋಡಿದವಳು ಅವಳು. ಆದರೆ ಹೇಳ್ತೀವಿ ತಾತ ಅಂತ ನನ್ನ ಕೈಗೆ ಬೀಜಗೀಜ ಕೊಡಲು ಬರಬೇಡಿ. ಮೊಳೆಸುತ್ತ ಕೂರಲು ನನಗೆ ಟೈಮಿಲ್ಲ. ಸುಮ್ಮನೆ ಎದ್ದು ಹೋಗಿ ಹೇಳಿ.